ಶಿರಕಾವಾಗೋ ಆಮೇಲೆ ನೋಡೋಣ, ಮೊದಲು ಮಿಯಾಮಾಗೆ ಹೋಗಿ

ರಜೆಗೆ ಮಕ್ಕಳನ್ನು ಶಿರಕಾವಾಗೋಗೆ, ಹುಲ್ಲಿನ ಮಾಡಿನ ಮನೆಗಳಿಗೆ ಹೆಸರಾದ ಆ ಜಪಾನಿ ಹಳ್ಳಿಗೆ, ಕರೆದುಕೊಂಡು ಹೋಗಲಾ ಅಂತ ನಿನ್ನೆ ಕೇಳಿದ್ದಿರಲ್ಲ ಅಕ್ಕಾ. ಚೆನ್ನಾಗಿಲ್ಲ ಅಂತ ಅಲ್ಲ, ಆದರೆ ಬಸ್ಸಿಂದ ಇಳಿದರೆ ಜಾತ್ರೆ. ನಮ್ಮ ಹಾಗೆ ಒಸಾಕಾ, ಕ್ಯೋಟೋ ಕಡೆ ಇರುವವರಿಗೆ ಮಿಯಾಮಾ ವಾಸಿ. ಕ್ಯೋಟೋದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್, ಗುಡ್ಡಗಳ ಮಧ್ಯೆ. ಅಲ್ಲಿ ಕಿತಾ ಅಂತ ಒಂದು ಸಣ್ಣ ಊರು, ಐವತ್ತು ಚಿಲ್ಲರೆ ಮನೆ ಇರಬಹುದು, ಅದರಲ್ಲಿ 39ಕ್ಕೆ ಹುಲ್ಲಿನ ಮಾಡು. 1993ರಿಂದ ಸರ್ಕಾರದ ಸಂರಕ್ಷಣೆ ಇದೆ. ಆದರೆ ಮ್ಯೂಸಿಯಂ ಅಲ್ಲ, ಜನ ಸಂಸಾರ ಮಾಡಿಕೊಂಡಿದ್ದಾರೆ.

ಇದನ್ನು ನಾನು ಮಗಳಿಗೆ ಮೊದಲೇ ಹೇಳಬೇಕಿತ್ತು. ಎಂಟು ವರ್ಷದವಳು, ಸೀದಾ ಒಂದು ಮನೆಯ ಜಗಲಿಗೇ ಹೋಗಿ ಇಣುಕಿದಳು. ಒಳಗಿಂದ ಒಬ್ಬರು ಅಜ್ಜಿ ಮೂಲಂಗಿ ಹಿಡಿದುಕೊಂಡೇ ಬಂದರು. ನಾನು ನಾಚಿಕೆಯಿಂದ 'ಸುಮಿಮಾಸೆನ್' (ಕ್ಷಮಿಸಿ) ಅಂತ ಹತ್ತು ಸಲ ಬಗ್ಗಿದೆ. ಅಜ್ಜಿ ಬೈಯಲಿಲ್ಲ, ಇದು ನಮ್ಮ ಮನೆ ಕಣಮ್ಮ ಅಂದರಷ್ಟೆ. ಆಮೇಲೆ ಮಾಡಿನ ವಿಷಯ ಶುರುವಾಯಿತು. ಅವರ ಹಳ್ಳಿ ಜಪಾನಿ ನನಗೆ ಅರ್ಧ ತಿಳಿಯದು, ಮಗಳೇ ಕನ್ನಡದಲ್ಲಿ ಹೇಳಬೇಕಾಯಿತು. 'ಅಪ್ಪಾ, ಮನೆ ಮಧ್ಯೆ ಬೆಂಕಿ ಹಾಕ್ತಿದ್ರಂತೆ, ಹೊಗೆ ಮೇಲೆ ಹೋಗಿ ಹುಳ ಓಡಿಸ್ತಿತ್ತಂತೆ, ಅಲ್ಲಿ ಕಪ್ಪಗೆ ನೇತಾಡುತ್ತಲ್ಲ, ಅದಕ್ಕೆ ಏನಂತಾರೆ?' ಇಲ್ಲಣ ಅಂದೆ, ಹೊಗೆಯಿಂದ ಕಟ್ಟಿ ನೇತಾಡುವ ಮಸಿ. ಆ ಪದ ಬಾಯಿಗೆ ಬಂದು ಎಷ್ಟು ವರ್ಷವಾಗಿತ್ತೋ!

ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆಯದು ಸೋಗೆ ಮಾಡು. ಮಳೆ ಹಿಡಿಯುವ ಮುಂಚೆ ವರ್ಷ ವರ್ಷ ಹೊದಿಸಬೇಕಿತ್ತು, ಮುಯ್ಯಾಳು ಸೇರುತ್ತಿದ್ದರು. ಮಿಯಾಮಾದ್ದು ಸುಸುಕಿ ಅನ್ನುವ ಎತ್ತರದ ಹುಲ್ಲು, ಕೊಯ್ದು ಚಳಿಗಾಲವಿಡೀ ಒಣಗಿಸಿ ದಪ್ಪಕ್ಕೆ ಹೊದಿಸುತ್ತಾರೆ, ಇಪ್ಪತ್ತು ವರ್ಷ ಬರುತ್ತದೆ. ಈಗ ಒಲೆ ಹೊಗೆ ಇಲ್ಲದ್ದರಿಂದ ಬೇಗ ಹಾಳಾಗುತ್ತದೆ ಅನ್ನುತ್ತಾರೆ. ಜಪಾನಿನ ಹಳ್ಳಿಗಳಲ್ಲೂ ಹೀಗೆ ಒಬ್ಬರ ಮನೆಗೆ ಇನ್ನೊಬ್ಬರು ದುಡಿಯುವ ಪದ್ಧತಿ ಇತ್ತು, ಹೆಸರು 'ಯುಯಿ'. ಮುಯ್ಯಿ, ಯುಯಿ! ಸಂಬಂಧ ಇಲ್ಲ ಬಿಡಿ, ಆದರೆ ಮಗಳು ದಾರಿಯುದ್ದಕ್ಕೂ ಅದನ್ನೇ ಹಾಡಿಕೊಂಡು ಬಂದಳು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಆಕಳಿಸುವ ಹುಡುಗಿ ಇವಳೇನಾ ಅನ್ನಿಸಿತು.

ಬೆಂಕಿಯ ಭಯ ಅಲ್ಲಿ ಜಾಸ್ತಿ, ಸಹಜ ಅಲ್ವಾ. 2000ದಲ್ಲಿ ಊರಿನಲ್ಲಿ ಮ್ಯೂಸಿಯಂ ಮಾಡಿದ್ದ ಒಂದು ಮನೆಯೇ ಸುಟ್ಟುಹೋಗಿ 2002ರಲ್ಲಿ ಮತ್ತೆ ಕಟ್ಟಿದರು. ಈಗ ಊರಿನ ತುಂಬ 62 ನೀರಿನ ಫಿರಂಗಿಗಳು, ಪುಟ್ಟ ಗುಡಿಸಲಿನಂಥ ಗೂಡಿನೊಳಗೆ. ವರ್ಷಕ್ಕೆ ಎರಡು ಸಲ ಪರೀಕ್ಷೆಗೆ ಎಲ್ಲವನ್ನೂ ಒಟ್ಟಿಗೆ ಬಿಡುತ್ತಾರೆ, ಮಾಡುಗಳ ಮೇಲೆ ನೀರಿನ ಕಮಾನು. ನಾವು ಹೋದಾಗ ಇರಲಿಲ್ಲ, ಮಗಳಿಗೆ ಇನ್ನೂ ಅದೇ ಕೊರಗು.

ಊಟದ ವಿಷಯ. ಸೋಬಾ ಅನ್ನುವ ನೂಡಲ್ಸ್ ಸಿಗುತ್ತದೆ, ಆದರೆ ಸಾರಿನಲ್ಲಿ ಮೀನು ಇದ್ದೇ ಇರುತ್ತದೆ. ನಾವು ಪುಳಿಯೋಗರೆ ಕಟ್ಟಿಕೊಂಡು ಹೋಗಿ ಹೊಳೆ ದಂಡೆಯಲ್ಲಿ ತಿಂದೆವು. ಕಸದ ಡಬ್ಬಿ ಹುಡುಕಬೇಡಿ, ಕಸ ಬ್ಯಾಗಿನಲ್ಲೇ ವಾಪಸ್ ತನ್ನಿ.

ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಕಾರಿಲ್ಲದೆ ಆಗುತ್ತಾ ಅಂತ ಕೇಳಿದ್ದಾರೆ. ಆಗುತ್ತದೆ. ಕ್ಯೋಟೋದಿಂದ ರೈಲಿನಲ್ಲಿ ಸೊನೋಬೆ, ಅಲ್ಲಿ ಬದಲಿಸಿ ಹಿಯೋಶಿ, ಅಲ್ಲಿಂದ ಬಸ್ಸು. ಬಸ್ಸು ದಿನಕ್ಕೆ ಕೆಲವೇ ಇವೆ, ವಾಪಸ್ ಬರುವ ಹೊತ್ತನ್ನು ಇಳಿದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಾವು ಇಲ್ಲಣದ ಮಾತಿನಲ್ಲಿ ಒಂದನ್ನು ತಪ್ಪಿಸಿಕೊಂಡು, ಕೆಂಪು ಅಂಚೆ ಡಬ್ಬಿಯ ಪಕ್ಕ ಚಳಿಯಲ್ಲಿ ಕೂತಿದ್ದೆವು.