ಫಾಲಿಕಲ್ 22, ಊಸೈಟ್ 15: ಉಳಿದವು ಎಲ್ಲಿ? (ಡಾಕ್ಟರ್ ಮೇಡಂಗೆ ಕೇಳಿ, ಹುಬ್ಬಳ್ಳಿ-ಧಾರವಾಡ ಮಹಿಳೆಯರ ಗುಂಪು)

ಸದಸ್ಯೆ, ನವನಗರ: ಮೇಡಂ, ಮೊನ್ನೆ ಲ್ಯಾಬಿನಲ್ಲಿ ಗರ್ಭ ಕಟ್ಟಿಸೋ ಐವಿಎಫ್‌ಗೆ ಅಂಡಾಣು ತೆಗೆದರು. ಸ್ಕ್ಯಾನಿಂಗ್‌ನಲ್ಲಿ 22 ಫಾಲಿಕಲ್ (ಅಂಡಾಶಯದ ಚೀಲ) ಇದ್ದವು. ರಿಪೋರ್ಟಿನಲ್ಲಿ ಊಸೈಟ್ 15, ಎಂ2 11 ಅಂತಿದೆ. ಉಳಿದ ಅಂಡಾಣುಗಳನ್ನ ಬೇರೆಯವರಿಗೆ ಕೊಟ್ಟಿರಬೇಕು ಅಂತಾರೆ ನಮ್ಮ ಅತ್ತೆಯವರು. ನಿನ್ನೆಯಿಂದ ಹೊಟ್ಟೆನೂ ಉಬ್ಬಿದೆ, ಪೆಟಿಕೋಟಿನ ಲಾಡಿ ಕಟ್ಟೋಕೆ ಆಗ್ತಿಲ್ಲ.

ಡಾಕ್ಟರ್: ಲೆಕ್ಕ ಆಮೇಲೆ. ವಾಂತಿ ಇದೆಯಾ? ಮೂತ್ರ ಸರಿಯಾಗಿ ಹೋಗ್ತಿದೆಯಾ?

ನವನಗರ: ಎರಡು ಸಲ ವಾಂತಿ ಆಯ್ತು. ಮೂತ್ರ ಬೆಳಗ್ಗೆ ಒಂದೇ ಸಲ, ಅದೂ ಸ್ವಲ್ಪ.

ಸದಸ್ಯೆ, ಹಾವೇರಿ: ಅದು ವಾಯು ಅಕ್ಕಾ. ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕಿ, ಬಾರ್ಲಿ ನೀರು ಕುಡೀರಿ. ನನಗೆ ಫಾರ್ವರ್ಡ್ ಬಂದಿತ್ತು.

ಡಾಕ್ಟರ್: ದಯವಿಟ್ಟು ಯಾರೂ ಹೊಟ್ಟೆ ತಿಕ್ಕಬೇಡಿ! ಅಂಡಾಣು ಬೆಳೆಸೋಕೆ ಕೊಡುವ ಇಂಜೆಕ್ಷನ್‌ನಿಂದ ಅಂಡಾಶಯ ದೊಡ್ಡದಾಗಿ ಊದಿರುತ್ತೆ, ತಿಕ್ಕಿದರೆ ತಿರುಚಿಕೊಳ್ಳಬಹುದು, ಒಡೆದು ಒಳಗೇ ರಕ್ತ ಹೋಗಬಹುದು. ನವನಗರದವರೇ, ನಿಮಗೆ ಆಗಿರೋದು ವಾಯು ಅಲ್ಲ ಅನ್ನಿಸ್ತಿದೆ. ಓಎಚ್‌ಎಸ್‌ಎಸ್ ಇರಬಹುದು, ಅಂದರೆ ರಕ್ತನಾಳದಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳೋದು. ಆಗ ರಕ್ತ ಗಟ್ಟಿಯಾಗುತ್ತೆ, ಕಾಲಲ್ಲಿ, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವ ಭಯ ಇರುತ್ತೆ. ಜಾಸ್ತಿ ಫಾಲಿಕಲ್ ಬೆಳೆದವರಲ್ಲೇ ಇದು ಹೆಚ್ಚು. ಅಂಡಾಣು ತೆಗೆದ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಹೊರಡಿ, ಬೆಳಗಾಗಲಿ ಅನ್ನಬೇಡಿ. ಮೂತ್ರ ಬರಿಸುವ ಮಾತ್ರೆ ನೀವಾಗಿಯೇ ತಗೋಬೇಡಿ.

ಸದಸ್ಯೆ, ಗದಗ: ಮೇಡಂ, ಶಾಲೆಯಲ್ಲಿ ನಾವು ಅಂಡಾಣು ಅಂತ ಪಾಠ ಮಾಡ್ತೀವಿ. ಈ ಊಸೈಟ್ ಎಲ್ಲಿಂದ ಬಂತು?

ಡಾಕ್ಟರ್: ಗ್ರೀಕ್‌ನಲ್ಲಿ ‘ಓಯಾನ್’ ಅಂದರೆ ತತ್ತಿ, ‘ಕೀಟೊಸ್’ ಅಂದರೆ ಟೊಳ್ಳು ಪಾತ್ರೆ. ವಿಜ್ಞಾನದಲ್ಲಿ ಅದೇ ಜೀವಕೋಶ ಆಯ್ತು. ಇನ್ನೂ ಮಾಗುತ್ತಿರುವ ಅಂಡಾಣುವೇ ಊಸೈಟ್. ಅದರ ಕೊನೆಯ ವಿಭಜನೆ ಮುಗಿಯೋದು ವೀರ್ಯಾಣು ಒಳಗೆ ಹೋದ ಮೇಲೆ, ಅದಕ್ಕೇ ಲ್ಯಾಬಿನವರು ಓವಮ್ (ವಿಭಜನೆ ಪೂರ್ತಿ ಮುಗಿದ ಅಂಡಾಣು) ಅಂತ ಬರೆಯಲ್ಲ. ಫಾಲಿಕಲ್ ಬರೀ ನೀರಿನ ಚೀಲ. ಸ್ಕ್ಯಾನಿಂಗ್‌ನಲ್ಲಿ ಕಾಣೋದು ಚೀಲ ಮಾತ್ರ, ಅಂಡಾಣು ಇರೋದೇ ಸುಮಾರು 0.1 ಮಿಲಿಮೀಟರ್. 1672ರಲ್ಲಿ ಡಚ್ ವೈದ್ಯ ಡಿ ಗ್ರಾಫ್ ಈ ಚೀಲವನ್ನೇ ತತ್ತಿ ಅಂದುಕೊಂಡಿದ್ದರು, 1827ರಲ್ಲಿ ವಿಜ್ಞಾನಿ ಫಾನ್ ಬೇರ್ ನಾಯಿಯ ಚೀಲದೊಳಗೆ ನಿಜವಾದ ಅಂಡಾಣು ಕಂಡರು. ಎಲ್ಲ ಚೀಲದಿಂದಲೂ ಅಂಡಾಣು ಸಿಗಲ್ಲ, ಸಿಕ್ಕವೆಲ್ಲ ಮಾಗಿರಲ್ಲ. ಎಂ2 ಅಂದರೆ ವೀರ್ಯಾಣು ಸೇರಿಸೋಕೆ ತಯಾರಾಗುವಷ್ಟು ಮಾಗಿದವು. ನಿಮ್ಮ 22, 15, 11ರಲ್ಲಿ ಕಳ್ಳತನ ಕಾಣಲ್ಲ, ಅತ್ತೆಯವರಿಗೆ ಹೇಳಿ.

ಸದಸ್ಯೆ, ರಾಣೇಬೆನ್ನೂರು: ದಿನಾ ತತ್ತಿ ತಿಂದ್ರೆ ಅಂಡಾಣು ಜಾಸ್ತಿ ಆಗ್ತಾವಾ?

ಡಾಕ್ಟರ್: ಇಲ್ಲ.

ಹಾವೇರಿ: ಶ್ರಾವಣದಾಗ ತತ್ತಿ ಮಾತು ಬೇಕಾ? ಅಗಸಿ ಚಟ್ನಿ ತಿನ್ನಿ ಸಾಕು.

ರಾಣೇಬೆನ್ನೂರು: ನಮ್ಮ ಮನೆ ಊಟ ನಿಮಗ್ಯಾಕ್ರೀ? ಈಗಷ್ಟೇ ಹೊಟ್ಟೆ ತಿಕ್ಕು ಅಂದವರು ನೀವೇ ಅಲ್ವಾ?

ಹಾವೇರಿ: ಒಳ್ಳೇದಕ್ಕೆ ಹೇಳಿದ್ದು. ಮಾತಿನ ಮೇಲೆ ಹಿಡಿತ ಇರಲಿ.

ಸದಸ್ಯೆ, ಕಲಘಟಗಿ: ಮೇಡಂ, ಥೈರಾಯ್ಡ್ ಮಾತ್ರೆ ನಿಲ್ಲಿಸಬಹುದಾ?

ಸದಸ್ಯೆ, ಲಕ್ಷ್ಮೇಶ್ವರ: ಅಂಡಾಣು ಹೆಚ್ಚಾಗೋಕೆ ಪುಡಿ ಬಂದಿದೆಯಂತೆ, ತಗೋಬಹುದಾ ಮೇಡಂ?

ಡಾಕ್ಟರ್: ಅಂಡಾಣು ಹೆಚ್ಚಾಗಲ್ಲ ರೀ. ಹುಟ್ಟುವಾಗಲೇ 10ರಿಂದ 20 ಲಕ್ಷ ಇರುತ್ತವೆ, ಅಲ್ಲಿಂದ ಕಡಿಮೆ ಆಗೋದೇ. ಪುಡಿ ಫೋಟೋ ಇನ್ನು ಇಲ್ಲಿ ಹಾಕಬೇಡಿ. ತತ್ತಿ ಜಗಳನೂ ಸಾಕು. ನವನಗರದವರು ಹೊರಟರಾ?

ರಾಣೇಬೆನ್ನೂರು: ಜಗಳ ಶುರು ಮಾಡಿದ್ದು ನಾನಲ್ಲ ಮೇಡಂ.

ನವನಗರ: ಆಸ್ಪತ್ರೆಯವರು ಅಡ್ಮಿಟ್ ಆಗಿ ಅಂದ್ರು ಮೇಡಂ. ಆಟೋದಲ್ಲಿದ್ದೀವಿ.

ಡಾಕ್ಟರ್: ಸರಿ. ರಿಪೋರ್ಟ್ ಎಲ್ಲಾ ಜೊತೆಗಿರಲಿ.