ಕೆಂಗೇರಿ ಸೈಟ್ ಮಾರಿ ಫ್ಲಾಟ್ ತಗೊಂಡರೆ ತೆರಿಗೆ ಮುಂದಕ್ಕೆ ಹೋಗುತ್ತಾ?

ನಿವೃತ್ತ ಟೀಚರ್, ವಿಜಯನಗರ

2006ರಲ್ಲಿ ಕೆಂಗೇರಿ ಹತ್ತಿರ 30x40 ಸೈಟ್ ತಗೊಂಡೆ, 6 ಲಕ್ಷಕ್ಕೆ. ಪಿಎಫ್ ಸಾಲ ತೀರಿಸಲು ಎಂಟು ವರ್ಷ ಹಿಡಿಯಿತು. ಈಗ 90 ಲಕ್ಷಕ್ಕೆ ಕೇಳುತ್ತಿದ್ದಾರೆ. ನಾವಿರುವುದು ಸ್ವಂತ ಮನೆ, ಆದರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಕೇಳುವುದೇ ಇಲ್ಲ. 60 ಲಕ್ಷದ ಒಂದು ಫ್ಲಾಟ್ ನೋಡಿದ್ದೇನೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ, "ಚಿಕ್ಕಮ್ಮ, ಇಲ್ಲಿ 1031 ಎಕ್ಸ್‌ಚೇಂಜ್ ಅಂತಿದೆ, ಒಂದು ಮಾರಿ ಇನ್ನೊಂದು ತಗೊಂಡರೆ ಆಗಲೇ ತೆರಿಗೆ ಕಟ್ಟಬೇಕಿಲ್ಲ" ಅಂದ. ನಮ್ಮಲ್ಲೂ ಹಾಗೆ ಉಂಟಾ?

ಬನಶಂಕರಿ ಲೆಕ್ಕದವರು

ಮೇಡಂ, ಅದು ಅಮೆರಿಕದ ಕಾನೂನು. ಹೂಡಿಕೆಗೆ ಇಟ್ಟ ಅಥವಾ ವ್ಯಾಪಾರದ ಆಸ್ತಿಗೆ ಮಾತ್ರ. ಮಾರಿದ 45 ದಿನದಲ್ಲಿ ಹೊಸದನ್ನು ಗುರುತಿಸಬೇಕು, 180 ದಿನದೊಳಗೆ ಕೊಳ್ಳಬೇಕು, ದುಡ್ಡು ನಿಮ್ಮ ಕೈಗೆ ಬರಲೇಬಾರದು. ಅಲ್ಲಿಯ ಆಸ್ತಿ ಮಾರಿ ಬೆಂಗಳೂರಲ್ಲಿ ತಗೊಂಡರೂ ನಡೆಯಲ್ಲ.

ನಿಮಗೆ ಬೇಕಾದದ್ದು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 54ಎಫ್ ಅಂತಿರುವ ವಿನಾಯಿತಿ, ಸೈಟ್‌ನಂಥ ಆಸ್ತಿ ಮಾರಿ ಮನೆ ಕೊಳ್ಳುವವರಿಗೆ. ಸೈಟ್ ಮಾರಿದ ದಿನ ನಿಮ್ಮ ಹೆಸರಲ್ಲಿ ಒಂದಕ್ಕಿಂತ ಜಾಸ್ತಿ ಮನೆ ಇರಬಾರದು. ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು. ಇಲ್ಲಿ ತುಂಬಾ ಜನ ಎಡವುತ್ತಾರೆ: ಲಾಭವನ್ನಷ್ಟೇ ಹಾಕಿದರೆ ಸಾಲದು, ಮಾರಿದ ಪೂರ್ತಿ ಹಣ ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ.

ನಿಮ್ಮ ಲಾಭ 84 ಲಕ್ಷ. ಸುಮ್ನೆ ಬಿಟ್ಟರೆ 12.5%ರಂತೆ 10.5 ಲಕ್ಷ ತೆರಿಗೆ, ಸರ್‌ಚಾರ್ಜ್, ಸೆಸ್ ಬೇರೆ. 90ರಲ್ಲಿ 60, ಅಂದರೆ ಮೂರರಲ್ಲಿ ಎರಡು ಪಾಲು ಹಾಕಿದರೆ ಲಾಭದಲ್ಲೂ ಅಷ್ಟೇ ಪಾಲಿಗೆ, 56 ಲಕ್ಷಕ್ಕೆ ವಿನಾಯಿತಿ. ಉಳಿದ 28 ಲಕ್ಷವನ್ನು ಮಾರಿದ ಆರು ತಿಂಗಳೊಳಗೆ 54ಇಸಿ ಬಾಂಡ್‌ಗೆ ಹಾಕಿ, ಇದು ಇಂಥ ಲಾಭಕ್ಕೆ ವಿನಾಯಿತಿ ಕೊಡುವ ಸರ್ಕಾರಿ ಸಂಸ್ಥೆಗಳ ಬಾಂಡ್. ಐದು ವರ್ಷ ತೆಗೆಯುವಂತಿಲ್ಲ, ಬಡ್ಡಿಗೆ ತೆರಿಗೆ ಇದೆ. ಆದರೂ ಸೈಟ್ ಲಾಭದ ಮೇಲಿನ ತೆರಿಗೆ ಸೊನ್ನೆ.

ಹೆಬ್ಬಾಳದಿಂದ

ಅಮ್ಮಾ, ಒಂದು ಮಾತು ಸೇರಿಸುತ್ತೇನೆ. ನಾನು ಸೈಟ್ ಮಾರಿದ ಹಣವನ್ನು ಉಳಿತಾಯ ಖಾತೆಯಲ್ಲೇ ಇಟ್ಟೆ. ಬಿಲ್ಡರ್ ಇವತ್ತು ನಾಳೆ ಅಂತ ರಿಜಿಸ್ಟ್ರೇಷನ್ ಎಳೆದ. ರಿಟರ್ನ್ಸ್ ಕೊನೆಯ ದಿನ ದಾಟಿತು. ಖರ್ಚಾಗದ ಹಣವನ್ನು ಅದಕ್ಕೂ ಮೊದಲೇ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ, ಅಂದರೆ ಇಂಥ ಹಣಕ್ಕೆಂದೇ ಇರುವ ಬೇರೆ ಖಾತೆಗೆ, ಹಾಕಬೇಕಿತ್ತಂತೆ. ಬ್ಯಾಂಕಿನಲ್ಲೂ ಯಾರೂ ಹೇಳಲಿಲ್ಲ. ಮಗಳ ಮದುವೆಗೆ ಇಟ್ಟ ದುಡ್ಡಿನಲ್ಲಿ ತೆರಿಗೆ ಕಟ್ಟಿದೆ. ನೀವು ರೆಡಿ ಫ್ಲಾಟೇ ನೋಡಿ. ಇ-ಖಾತಾ ಇದೆಯಾ ಅಂತ ಮೊದಲೇ ಕೇಳಿ.

ಬನಶಂಕರಿ ಲೆಕ್ಕದವರು

ಸರಿಯಾಗಿ ಹೇಳಿದಿರಿ. ಮೇಡಂ, ಹೊಸ ಫ್ಲಾಟನ್ನು ಮೂರು ವರ್ಷದೊಳಗೆ ಮಾರಿದರೆ ವಿನಾಯಿತಿ ವಾಪಸ್ ಹೋಗುತ್ತದೆ. ಸೈಟ್ ಮಾರಿದ ಮೇಲೆ ಎರಡು ವರ್ಷ ನಿಮ್ಮ ಹೆಸರಲ್ಲಿ ಇನ್ನೊಂದು ಮನೆ ಕೊಳ್ಳುವಂತೆಯೂ ಇಲ್ಲ.

ನಿವೃತ್ತ ಟೀಚರ್, ವಿಜಯನಗರ

ಅಯ್ಯೋ, ಮಗ ಮುಂದಿನ ವರ್ಷ ನನ್ನ ಹೆಸರಲ್ಲೇ ಫ್ಲಾಟ್ ಬುಕ್ ಮಾಡುತ್ತೇನೆ ಅಂತಿದ್ದ! ಅವನ ಹೆಸರಲ್ಲೇ ಮಾಡಿಕೊಳ್ಳಲಿ, ಇವತ್ತೇ ಹೇಳುತ್ತೇನೆ. ಇಬ್ಬರಿಗೂ ತುಂಬಾ ಉಪಕಾರ ಆಯಿತು.