ಮಕ್ಕಳ ತೂಕ: ಪಾಲಕರ ಮೊಬೈಲ್ ಗುಂಪಿನಲ್ಲಿ ಮಕ್ಕಳ ವೈದ್ಯರೊಂದಿಗೆ ಪ್ರಶ್ನೋತ್ತರ, ಹುಬ್ಬಳ್ಳಿ-ಧಾರವಾಡ

ಗದಗದ ತಾಯಿ: ಡಾಕ್ಟರೇ, ಮಗಳಿಗೆ 8 ವರ್ಷ, 38 ಕೆ.ಜಿ. ಅವಳಿಗೆ ಅನ್ನ ನಿಲ್ಲಿಸಲೇ?

ವೈದ್ಯರು: ಬೇಡ. ಅವಳೊಬ್ಬಳ ತಟ್ಟೆಯನ್ನು ಬೇರೆ ಮಾಡಬೇಡಿ. ರೊಟ್ಟಿ, ಕಾಳುಪಲ್ಯ, ಹಸಿ ಸೌತೆಕಾಯಿ, ಮೂಲಂಗಿ ಮನೆಮಂದಿಯೆಲ್ಲ ಉಣ್ಣಿ. ಬಾಟಲಿ ಪಾನೀಯ ತರುವುದನ್ನೇ ಬಿಡಿ. ಎತ್ತರ ಎಷ್ಟು? ಬರೀ ತೂಕದಿಂದ ಏನೂ ತಿಳಿಯುವುದಿಲ್ಲ.

ನವನಗರದ ತಂದೆ: ಮಗನಿಗೆ 12 ವರ್ಷ, 71 ಕೆ.ಜಿ. ದಿನವೂ ಉಣಕಲ್ ಕೆರೆಯ ದಂಡೆಯಲ್ಲಿ ಓಡಿಸುತ್ತೇನೆ. ಮೂರು ವಾರದಿಂದ ಬಲ ಮೊಣಕಾಲು ನೋವೆಂದು ಕುಂಟುತ್ತಿದ್ದಾನೆ. ಮೊಣಕಾಲಿನ ಎಕ್ಸ್-ರೇ ಸರಿಯಾಗಿದೆ. ಓಟ ತಪ್ಪಿಸುವ ನೆಪವೇ ಸರ್?

ವೈದ್ಯರು: ಓಟ ಈಗಲೇ ನಿಲ್ಲಿಸಿ. ನಡೆಯುವಾಗ ಆ ಪಾದ ಹೊರಕ್ಕೆ ತಿರುಗುತ್ತದೆಯೇ?

ಸದಸ್ಯರು: ಬಂದ ಸಂದೇಶ: ಬೆಳಗ್ಗೆ ಜೇನು-ನಿಂಬೆ, ರಾತ್ರಿ ಜೀರಿಗೆ ಕಷಾಯ. 21 ದಿನದಲ್ಲಿ 6 ಕೆ.ಜಿ. ಇಳಿಕೆ!

ವೈದ್ಯರು: ಇದನ್ನು ಎಷ್ಟು ಸಲ ಹಾಕುತ್ತೀರಿ? ಜೇನಿನಲ್ಲಿರುವುದೂ ಸಕ್ಕರೆಯೇ. ಕಷಾಯದಿಂದ ಕೊಬ್ಬು ಕರಗುವುದಿಲ್ಲ. ಬೆಳೆಯುವ ಮಗುವಿನ ತೂಕವನ್ನು ಹೀಗೆ ಗಡಿಬಿಡಿಯಲ್ಲಿ ಇಳಿಸಬಾರದು. ಎಷ್ಟೋ ಮಕ್ಕಳಲ್ಲಿ ತೂಕ ನಿಂತು ಎತ್ತರ ಏರಿದರೆ ಸಾಕು. ಅಳಿಸಿ.

ಹುಬ್ಬಳ್ಳಿಯ ತಾಯಿ: ನಮ್ಮಲ್ಲಿ ಅತ್ತೆಯವರೇ ಸಂಜೆ ಗಿರಮಿಟ್, ಮಿರ್ಚಿ, ಮೇಲೊಂದು ಪೇಢೆ ಕೊಡುತ್ತಾರೆ.

ಹಾವೇರಿಯ ಹಿರಿಯರು: ಎಲ್ಲದಕ್ಕೂ ಹಿರಿಯರೇ ಸಿಕ್ಕರೇ ತಂಗಿ? ಮೊಬೈಲ್ ಕೊಟ್ಟು ಉಣಿಸುವವರು ಯಾರು?

ಹುಬ್ಬಳ್ಳಿಯ ತಾಯಿ: ಕಚೇರಿ ಮುಗಿಸಿ ಬಂದು ನಾನೇ ಅಡುಗೆ ಮಾಡುತ್ತೇನೆ ಕಾಕಾ. ನೀವು ಒಂದು ದಿನ ಮಾಡಿ ನೋಡಿ.

ಹಾವೇರಿಯ ಹಿರಿಯರು: ಮಾತು ಹಿಡಿತದಲ್ಲಿರಲಿ.

ಧಾರವಾಡದ ತಾಯಿ: ರಾಗಿ ಮಾಲ್ಟ್ ಕೊಡಬಹುದೇ? ಮಗಳ ಕತ್ತು ಕಪ್ಪಾಗಿದೆ, ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ.

ವೈದ್ಯರು: ತಿಕ್ಕಬೇಡಿ, ಕೊಳೆಯಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ದೇಹಕ್ಕೆ ಸರಿಯಾಗಿ ನಾಟದಿರುವುದರ ಗುರುತು ಇರಬಹುದು. ಕರೆತನ್ನಿ, ರಕ್ತದ ಸಕ್ಕರೆ ನೋಡೋಣ. ನವನಗರದವರು ಎಲ್ಲಿ?

ನವನಗರದ ತಂದೆ: ಹೌದು ಸರ್, ಪಾದ ಹೊರಕ್ಕಿದೆ. ಬೂಟಿನ ಲೇಸ್ ಕಟ್ಟಲು ಕಾಲು ಎತ್ತಿದರೆ ಮೊಣಕಾಲು ಪಕ್ಕಕ್ಕೆ ವಾಲುತ್ತದೆ.

ವೈದ್ಯರು: ತೊಂದರೆ ಸೊಂಟದ ಕೀಲಿನಲ್ಲಿ ಇರಬಹುದು, ನೋವು ಮಾತ್ರ ಮೊಣಕಾಲಿನಲ್ಲಿ ಕಾಣುತ್ತದೆ. ಈ ವಯಸ್ಸಿನಲ್ಲಿ ತೊಡೆಮೂಳೆಯ ತಲೆಯ ಕೆಳಗಿನ ಬೆಳವಣಿಗೆಯ ಪದರ ಮೆದುವಾಗಿರುತ್ತದೆ; ಭಾರ ಹೆಚ್ಚಾದರೆ ಮೂಳೆ ಅಲ್ಲಿಯೇ ಜಾರಬಹುದು. ಇನ್ನಷ್ಟು ಜಾರಿದರೆ ಮೂಳೆಯ ತಲೆಗೆ ರಕ್ತ ಹರಿಯುವುದು ನಿಲ್ಲಬಹುದು. ಆ ಕಾಲನ್ನು ಊರಲು ಬಿಡಬೇಡಿ, ಎತ್ತಿಕೊಂಡು ಮೂಳೆ ವೈದ್ಯರ ಬಳಿ ಹೋಗಿ. ಎರಡೂ ಕಡೆಯ ಸೊಂಟದ ಕೀಲಿನ ಎಕ್ಸ್-ರೇ ನೇರವಾಗಿಯೂ ಪಕ್ಕದಿಂದಲೂ ಬೇಕೆಂದು ಕೇಳಿ. ಜಾರಿದ್ದರೆ ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ತೂಕದ ಮಾತು ಆಮೇಲೆ. ಆಗಲೂ ಅವನನ್ನು ಮುಂದೆ ಓಡಿಸಿ ನೀವು ಹಿಂದೆ ನಿಲ್ಲಬೇಡಿ, ಜೊತೆಗೆ ಈಜಿ. ನೋವು ಎಂದ ಮಗುವನ್ನು ಸೋಮಾರಿ ಎನ್ನಬೇಡಿ.

ಸದಸ್ಯರು: ಎಳ್ಳೆಣ್ಣೆ ಕಾಯಿಸಿ ತಿಕ್ಕಿದರೆ ಮೂರು ದಿನದಲ್ಲಿ ವಾಸಿ.

ವೈದ್ಯರು: ದಯವಿಟ್ಟು ಸುಮ್ಮನಿರಿ. ಆ ಕಾಲನ್ನು ಯಾರೂ ತಿಕ್ಕಬಾರದು.

ಗದಗದ ತಾಯಿ: ಹಾಗಾದರೆ ರಾತ್ರಿಯ ಅನ್ನ ಮಾತ್ರ ನಿಲ್ಲಿಸಲೇ?

ವೈದ್ಯರು: ಮೇಲೆ ಹೇಳಿದ್ದೇನೆ.

ನವನಗರದ ತಂದೆ: ಸರ್, ನಾಳೆ ಪರೀಕ್ಷೆ ಇದೆ. ಶನಿವಾರ ಹೋದರೆ ನಡೆಯುತ್ತದೆಯೇ?

ವೈದ್ಯರು: ಇಲ್ಲ. ಇಂದೇ ಹೊರಡಿ.